ಅಂಗಳದ ಪರಿಚಯ ಮನೆಯೊಳಗಿನ ಸ್ನೇಹವಾಗಲಿ

ಭಾನುವಾರದ ದಿವ್ಯಬಲಿಪೂಜೆ ಮುಗಿದು ಭಕ್ತಜನರು ದೇವಾಲಯದಿಂದ ಹೊರಬರುವ ಹತ್ತು ನಿಮಿಷಗಳನ್ನು ಗಮನವಿಟ್ಟು ನೋಡಿದವರಿಗೆ ಆ ಧರ್ಮಕೇಂದ್ರದ ಅಂತರಂಗ ತಿಳಿದುಬಿಡುತ್ತದೆ. ಹಳೆಯ ಕುಟುಂಬಗಳವರು ತಮ್ಮ ತಮ್ಮ ನಿಶ್ಚಿತ ಸ್ಥಳಗಳಲ್ಲಿ ಗುಂಪುಗೂಡುತ್ತಾರೆ. ಮದುವೆಯ ಮಾತುಕತೆ, ಮಕ್ಕಳ ಪರೀಕ್ಷೆ, ಕೊಲ್ಲಿ ರಾಷ್ಟ್ರದಿಂದ ರಜೆಯ ಮೇಲೆ ಬಂದ ಮಗ, ಅಡಿಕೆಯ ಧಾರಣೆ, ಎಲ್ಲವೂ ಅಲ್ಲಿ ಚರ್ಚೆಗೆ ಬರುತ್ತವೆ. ಅದೇ ಅಂಗಳದ ಅಂಚಿನಲ್ಲಿ, ವರ್ಗಾವಣೆಯ ಮೇಲೆ ಊರಿಗೆ ಬಂದ ಸಂಸಾರವೊಂದು ಕ್ಷಣಕಾಲ ನಿಂತು, ಯಾರಾದರೂ ಮಾತನಾಡಿಸಿಯಾರೇ ಎಂದು ಸುತ್ತಲೂ ನೋಡಿ, ಮಕ್ಕಳ ಕೈಹಿಡಿದು ಗೇಟಿನತ್ತ ನಡೆದುಬಿಡುತ್ತದೆ. ಕಾಲು ಗಂಟೆಯ ಹಿಂದೆ, ಪರಮಪ್ರಸಾದ ಸ್ವೀಕಾರಕ್ಕೆ ಮುನ್ನ, ಇದೇ ಜನರು ಪರಸ್ಪರ ಕೈಮುಗಿದು ಕ್ರಿಸ್ತರ ಶಾಂತಿಯನ್ನು ಹಾರೈಸಿದ್ದರು!

ಇದು ಸಣ್ಣ ವಿಷಯವೆಂದು ತಳ್ಳಿಹಾಕುವಂತಿಲ್ಲ. ಒಂದು ಕಾಲದಲ್ಲಿ ನಮ್ಮ ಧರ್ಮಕೇಂದ್ರಗಳಲ್ಲಿ ಯಾರ ಮನೆಯ ಮಗು ಯಾರದೆಂದು ಕೇಳಬೇಕಾಗಿರಲಿಲ್ಲ. ಅಜ್ಜನ ಹೆಸರು ಹೇಳಿದರೆ ಸಾಕಿತ್ತು. ಇಂದು ಬೆಂಗಳೂರಿನ ಬಡಾವಣೆಗಳ ದೇವಾಲಯಗಳಲ್ಲಿ ಕನ್ನಡ, ತಮಿಳು, ಕೊಂಕಣಿ, ಮಲಯಾಳ, ತೆಲುಗು ಮಾತಿನ ಕುಟುಂಬಗಳು ಒಂದೇ ಪೀಠದ ಮುಂದೆ ಮಂಡಿಯೂರುತ್ತವೆ. ಮಂಗಳೂರಿನ ಆಸ್ಪತ್ರೆಗಳಿಗೂ ಕಾಲೇಜುಗಳಿಗೂ ಕೇರಳದಿಂದ ಬಂದ ದಾದಿಯರು, ವಿದ್ಯಾರ್ಥಿಗಳು ಇದ್ದಾರೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಜಾರ್ಖಂಡ್, ಅಸ್ಸಾಂ ಕಡೆಯಿಂದ ಕೆಲಸಕ್ಕೆ ಬಂದವರಲ್ಲಿ ಕಥೋಲಿಕರೂ ಉಂಟು. ಇವರೆಲ್ಲ ಮೊದಲ ಭಾನುವಾರವೇ ದೇವಾಲಯವನ್ನು ಹುಡುಕಿಕೊಂಡು ಬರುತ್ತಾರೆ. ಊರು ಹೊಸದು, ಮಾತು ಹೊಸದು, ಆದರೆ ಬಲಿಪೂಜೆಯ ಕ್ರಮ ತಮ್ಮದೇ ಎಂಬ ಭರವಸೆಯಿಂದ ಬರುತ್ತಾರೆ. ಆರು ತಿಂಗಳು ಹೀಗೆ ಬಂದು ಹೋದ ಬಳಿಕವೂ ಯಾರಿಗೂ ಅವರ ಹೆಸರು ತಿಳಿಯದಿದ್ದರೆ, ಮೊದಲು ಅವರು ಬೇರೊಂದು ದೇವಾಲಯಕ್ಕೆ ಹೋಗುತ್ತಾರೆ, ಅನಂತರ ದೊಡ್ಡ ಹಬ್ಬಗಳಿಗೆ ಮಾತ್ರ ಬರುತ್ತಾರೆ, ಕೊನೆಗೊಮ್ಮೆ ಎಲ್ಲಿಗೆ ಹೋದರೆಂಬುದು ಯಾರ ಗಮನಕ್ಕೂ ಬರುವುದಿಲ್ಲ. ಅವರು ಬೇರಾವುದೋ ಪ್ರಾರ್ಥನಾ ಗುಂಪಿಗೆ ಸೇರಿದ ಸುದ್ದಿ ಬಂದಾಗ ಮಾತ್ರ ನಾವು ಬೋಧನೆ, ಸಿದ್ಧಾಂತಗಳ ಚರ್ಚೆಗೆ ತೊಡಗುತ್ತೇವೆ. ಅಲ್ಲಿ ಅವರಿಗೆ ಬೋಧನೆಗಿಂತ ಮೊದಲು ದೊರೆತದ್ದು ಹೆಸರು ಹಿಡಿದು ಕರೆಯುವ ಒಂದು ದನಿ ಎಂಬುದನ್ನು ಒಪ್ಪಿಕೊಳ್ಳಲು ನಮಗೆ ಮನಸ್ಸು ಬರುವುದಿಲ್ಲ.

ಹೊಸ ಸ್ನೇಹವೊಂದು ಹೇಗೆ ಬೇರೂರುತ್ತದೆ ಎಂಬುದನ್ನು ತಿಳಿಯಬಯಸುವವರು 'ಪ್ರೇಷಿತರ ಕಾರ್ಯಕಲಾಪಗಳು' ಗ್ರಂಥದ 16ನೆಯ ಅಧ್ಯಾಯವನ್ನು ಮನೆಯವರೆಲ್ಲ ಕೂಡಿ ನಿಧಾನವಾಗಿ ಓದಬೇಕು. ಸಂತ ಪೌಲರು ಮತ್ತು ಅವರ ಸಂಗಡಿಗರು ಫಿಲಿಪ್ಪಿ ಪಟ್ಟಣಕ್ಕೆ ಬಂದಾಗ ಅಲ್ಲಿ ಅವರಿಗೆ ಗುರುತಿನವರು ಒಬ್ಬರೂ ಇರಲಿಲ್ಲ. ಸಬ್ಬತ್ ದಿನ ಊರ ಬಾಗಿಲಿನಾಚೆ ನದೀತೀರದಲ್ಲಿ ಪ್ರಾರ್ಥನೆಗೆ ನೆರೆದಿದ್ದ ಕೆಲವು ಸ್ತ್ರೀಯರೊಡನೆ ಕುಳಿತು ಮಾತನಾಡಿದರು. ಅವರಲ್ಲೊಬ್ಬಳು ಲಿಡಿಯಾ, ಬೆಲೆಬಾಳುವ ಊದಾಬಣ್ಣದ ವಸ್ತ್ರಗಳ ವ್ಯಾಪಾರಿ. ಆಕೆಯೂ ಆ ಊರಿನವಳಲ್ಲ. ಸಮುದ್ರದಾಚೆಯ ಥುವತೈರದಿಂದ ಬಂದು ನೆಲೆಸಿದ್ದವಳು. ಆಕೆ ಮನೆಮಂದಿಯೊಡನೆ ಸ್ನಾನದೀಕ್ಷೆ ಪಡೆದಳು, ಮರುಕ್ಷಣವೇ ತನ್ನ ಮನೆಯಲ್ಲಿ ತಂಗಬೇಕೆಂದು ಅತಿಥಿಗಳನ್ನು ಒತ್ತಾಯಪಡಿಸಿದಳು. ಪರದೇಶಿಯೊಬ್ಬಳು ಪರದೇಶಿಗಳಿಗೆ ಬಾಗಿಲು ತೆರೆದ ಪ್ರಸಂಗವಿದು. ಮುಂದೆ ಪೌಲರೂ ಸೀಲರೂ ಛಡಿಯೇಟು ತಿಂದು ಸೆರೆಮನೆಯಲ್ಲಿ ಕಾಲುಗಳಿಗೆ ಕೊಳ ತೊಡಿಸಿಕೊಂಡು ಬಿದ್ದಿರುವಾಗ, ನಡುರಾತ್ರಿಯ ಹೊತ್ತಿನಲ್ಲಿ ದೇವರನ್ನು ಕೀರ್ತಿಸಿ ಹಾಡುತ್ತಾರೆ. ಉಳಿದ ಕೈದಿಗಳು ಕಿವಿಗೊಟ್ಟು ಕೇಳುತ್ತಾರೆ. ಭೂಕಂಪದ ತರುವಾಯ ಸೆರೆಮನೆಯ ಅಧಿಕಾರಿ ಆ ರಾತ್ರಿಯೇ ಅವರ ಗಾಯಗಳನ್ನು ತೊಳೆದು, ವಿಶ್ವಾಸವನ್ನು ಸ್ವೀಕರಿಸಿ, ಮನೆಗೆ ಕರೆದೊಯ್ದು ಊಟ ಬಡಿಸುತ್ತಾನೆ. ಪ್ರಾರ್ಥನೆ, ಹಾಡು, ಊಟ, ಈ ಮೂರೂ ಒಂದೇ ಅಧ್ಯಾಯದಲ್ಲಿ ಬಂದಿವೆ. ಆ ಸ್ನೇಹ ಅಲ್ಲಿಗೇ ಮುಗಿಯಲಿಲ್ಲ. ಪೌಲರು ಬೇರೆ ಊರುಗಳಲ್ಲಿ ಕಷ್ಟದಲ್ಲಿದ್ದಾಗ ಮತ್ತೆ ಮತ್ತೆ ನೆರವು ಕಳುಹಿಸಿದವರು ಫಿಲಿಪ್ಪಿಯವರು. ಆ ಉಪಕಾರವನ್ನು ಅವರು ತಮ್ಮ ಪತ್ರದಲ್ಲಿ ಕೃತಜ್ಞತೆಯಿಂದ ನೆನೆದಿದ್ದಾರೆ.

ಪ್ರಾರ್ಥನೆಯಿಂದಲೇ ತೊಡಗೋಣ. ಕರಾವಳಿಯ ಕಥೋಲಿಕ ಮನೆಗಳಲ್ಲಿ ಸಂಜೆಯ 'ತೆರ್ಸ್', ಅಂದರೆ ಜಪಸರ, ಮುಗಿದೊಡನೆ ಮಕ್ಕಳು ಸಾಲಾಗಿ ಬಂದು ಹಿರಿಯರಿಂದ 'ಬೆಸಾಂವ್' ಬೇಡುವ ಪದ್ಧತಿ ಇದೆ. ಆ ಹೊತ್ತಿಗೆ ಮನೆಯಲ್ಲಿ ಅತಿಥಿಗಳಿದ್ದರೆ ಮಕ್ಕಳು ಅವರ ಆಶೀರ್ವಾದವನ್ನೂ ಬೇಡುತ್ತಾರೆ. ಅಪರಿಚಿತ ಹಿರಿಯರೊಬ್ಬರು ಆ ಮಗುವಿನ ತಲೆಯ ಮೇಲೆ ಕೈಯಿಟ್ಟ ಕ್ಷಣದಿಂದ ಆ ಮನೆಗೆ ಅಪರಿಚಿತರಾಗಿ ಉಳಿಯುವುದಿಲ್ಲ. ಮಗುವಿಗೆ ಅವರು ಮಾಮನೋ ಅಜ್ಜಿಯೋ ಆಗಿಬಿಡುತ್ತಾರೆ. ದೊಡ್ಡ ದೊಡ್ಡ ಸ್ವಾಗತ ಸಮಾರಂಭಗಳಿಂದ ಸಾಧ್ಯವಾಗದ್ದನ್ನು ಈ ಪುಟ್ಟ ಪದ್ಧತಿ ಸಾಧಿಸುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಧರ್ಮಸಭೆಯ ಕುರಿತಾದ ತನ್ನ ಸಂವಿಧಾನದಲ್ಲಿ ಕುಟುಂಬವನ್ನು ಗೃಹಸಭೆಯ ರೂಪದಲ್ಲಿ ಕಂಡಿತು. 1981ರ ನವೆಂಬರ್ 22ರಂದು ಎರಡನೆಯ ಜಾನ್ ಪಾವ್ಲ್ ಜಗದ್ಗುರುಗಳು ಕುಟುಂಬವನ್ನು ಕುರಿತು ಹೊರಡಿಸಿದ ಪ್ರಬೋಧನೆಯಲ್ಲಿ ಅತಿಥಿ ಸತ್ಕಾರವನ್ನು ಕ್ರೈಸ್ತ ಕುಟುಂಬದ ಸಾಮಾಜಿಕ ಕರ್ತವ್ಯಗಳ ಸಾಲಿನಲ್ಲಿಟ್ಟರು. ಮನೆಯ ಬಾಗಿಲಿನ ಜೊತೆಗೆ ಹೃದಯದ ಬಾಗಿಲೂ ತೆರೆದಿರಬೇಕೆಂಬುದು ಅವರ ಆಶಯ. ಗೃಹಸಭೆಯೆಂದ ಮೇಲೆ ಅದಕ್ಕೆ ಬಾಗಿಲೊಂದಿರಬೇಕಷ್ಟೆ. ನಮ್ಮ ಎಷ್ಟೋ ಮನೆಗಳಲ್ಲಿ ಜಪಸರವೇ ದೂರದರ್ಶನದ ಧಾರಾವಾಹಿಗೂ ಮೊಬೈಲಿಗೂ ಸ್ಥಳ ಬಿಟ್ಟುಕೊಟ್ಟಿರುವಾಗ, ಅತಿಥಿಯೊಡನೆ ಪ್ರಾರ್ಥಿಸುವ ಮಾತು ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಅದಕ್ಕೇ ಅತಿಥಿಯ ಅಗತ್ಯ. ಹೊರಗಿನವರು ಬರುತ್ತಾರೆಂದರೆ ಮನೆ ಗುಡಿಸುವಂತೆ, ಅವರೊಡನೆ ಪ್ರಾರ್ಥಿಸಬೇಕಾದಾಗ ಮನೆಯವರ ಪ್ರಾರ್ಥನೆಯೂ ಸರಿದಾರಿಗೆ ಬಂದೀತು.

ಹನ್ನೆರಡನೆಯ ಶತಮಾನದಲ್ಲಿ ಇಂಗ್ಲೆಂಡಿನ ರೀವೋ ಮಠದ ಅಧಿಪತಿಯಾಗಿದ್ದ ಸಂತ ಏಲ್ರೆಡರು ಆಧ್ಯಾತ್ಮಿಕ ಸ್ನೇಹವನ್ನು ಕುರಿತೇ ಒಂದು ಗ್ರಂಥ ರಚಿಸಿದ್ದಾರೆ. ಇಬ್ಬರು ಸ್ನೇಹಿತರು ಕುಳಿತಿರುವಲ್ಲಿ ಕ್ರಿಸ್ತರು ಮೂರನೆಯವರಾಗಿ ಇರುತ್ತಾರೆಂಬುದು ಆ ಗ್ರಂಥದ ಮೂಲ ಭಾವ. ಆದರೆ ಅವರು ಭಾವುಕರಾಗಿ ಬರೆದವರಲ್ಲ. ಸ್ನೇಹಿತನನ್ನು ಆರಿಸುವುದು, ಪರೀಕ್ಷಿಸುವುದು, ಸ್ವೀಕರಿಸುವುದು, ಬಳಿಕ ಏಕಮನಸ್ಸಿನಿಂದ ಬಾಳುವುದು ಎಂದು ನಾಲ್ಕು ಮೆಟ್ಟಿಲುಗಳನ್ನು ಹೇಳಿ, ಎರಡನೆಯ ಮೆಟ್ಟಿಲಿನಲ್ಲಿ ಆತುರ ಕೂಡದೆಂದು ಎಚ್ಚರಿಸುತ್ತಾರೆ. ಈ ಎಚ್ಚರಿಕೆ ನಮ್ಮ ಕಾಲಕ್ಕೂ ಬೇಕು. ದೇವಾಲಯದಲ್ಲಿ ಪರಿಚಯವಾದ ಮೂರನೆಯ ವಾರಕ್ಕೇ ಚೀಟಿ ವ್ಯವಹಾರ, ವಿಮಾ ಪಾಲಿಸಿ, ನಿವೇಶನ ಮಾರಾಟದ ಪ್ರಸ್ತಾಪವೆತ್ತುವ ಮಹನೀಯರು ಯಾವ ಧರ್ಮಕೇಂದ್ರದಲ್ಲಿಲ್ಲ? ಅಂಥವರಿಂದ ಪೆಟ್ಟು ತಿಂದವರು ಮುಂದೆ ಒಳ್ಳೆಯವರನ್ನೂ ಸಂಶಯದಿಂದ ನೋಡುವಂತಾಗುತ್ತದೆ. ನೆರೆಯವನ ವಿಶ್ವಾಸವನ್ನು ಬಂಡವಾಳ ಮಾಡಿಕೊಳ್ಳುವುದಕ್ಕೂ ವಿಶ್ವಾಸದಲ್ಲಿ ನೆರೆಯವನಾಗುವುದಕ್ಕೂ ಇರುವ ಅಂತರವನ್ನು ಗುರುತಿಸುವ ವಿವೇಕ ಆತಿಥೇಯರಿಗೂ ಅತಿಥಿಗಳಿಗೂ ಇರಬೇಕು.

ಇನ್ನು ಸಂಗೀತ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಅತಿ ಹೆಚ್ಚು ಸ್ನೇಹಗಳು ಹುಟ್ಟುವುದೂ, ಅತಿ ಹೆಚ್ಚು ಮನಸ್ತಾಪಗಳು ಬೆಳೆಯುವುದೂ ಗಾನವೃಂದದ ಸುತ್ತಲೇ. ಇಡೀ ಲೋಕವೇ ಹಾಡುವ 'ಸೈಲೆಂಟ್ ನೈಟ್' ಕ್ರಿಸ್ಮಸ್ ಗೀತೆ ಹುಟ್ಟಿದ್ದು ಒಂದು ಹೊಸ ಸ್ನೇಹದಿಂದ. ಯೋಸೆಫ್ ಮೋರ್ ಎಂಬ ಯುವ ಧರ್ಮಗುರು ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಊರಿಗೆ ಸಹಾಯಕ ಗುರುವಾಗಿ ಬಂದದ್ದು 1817ರಲ್ಲಿ. ಫ್ರಾಂಜ್ ಗ್ರೂಬರ್ ಪಕ್ಕದ ಹಳ್ಳಿಯ ಶಾಲಾ ಉಪಾಧ್ಯಾಯರು, ಓಬರ್ನ್‌ಡಾರ್ಫ್ ದೇವಾಲಯದಲ್ಲಿ ಆರ್ಗನ್ ನುಡಿಸುತ್ತಿದ್ದವರು. ಎರಡು ವರ್ಷ ಮೊದಲೇ ಬರೆದಿಟ್ಟಿದ್ದ ತಮ್ಮ ಪದ್ಯವನ್ನು ಗುರುಗಳು 1818ರ ಡಿಸೆಂಬರ್ 24ರಂದು ಈ ಉಪಾಧ್ಯಾಯರ ಕೈಗಿತ್ತು ರಾಗ ಹಾಕಿಕೊಡಲು ಕೇಳಿದರು. ಅಂದಿನ ರಾತ್ರಿಯೇ ಇಬ್ಬರೂ ಗಿಟಾರ್ ಹಿಡಿದು ಆ ದೇವಾಲಯದಲ್ಲಿ ಹಾಡಿದರು. ನೆಪೋಲಿಯನ್ ಯುದ್ಧಗಳು ಮುಗಿದು ಮೂರು ವರ್ಷವಾಗಿದ್ದ, ಹೊಸ ಗಡಿರೇಖೆಯಿಂದ ಊರೇ ಎರಡಾಗಿದ್ದ ಕಾಲ ಅದು. ಮರುವರ್ಷವೇ ಮೋರ್ ಅವರಿಗೆ ಬೇರೆಡೆಗೆ ವರ್ಗವಾಯಿತು. ಹಾಡು ಮಾತ್ರ ಬೆಟ್ಟದ ಸೀಮೆಯ ಗಾಯಕ ಕುಟುಂಬಗಳ ಬಾಯಿಂದ ಬಾಯಿಗೆ ಹರಿದು, 1839ರ ವೇಳೆಗೆ ನ್ಯೂಯಾರ್ಕ್ ನಗರವನ್ನೂ ತಲುಪಿತು. ಒಂದೆರಡು ವರ್ಷ ಮಾತ್ರ ಒಂದೆಡೆ ಇದ್ದ ಇಬ್ಬರ ಸ್ನೇಹದ ಫಲವಿದು. ತಾನು ಇಲ್ಲಿ ಇರುವುದೇ ಎರಡು ವರ್ಷ, ಸ್ನೇಹ ಸಂಪಾದನೆಗೆ ಎಲ್ಲಿದೆ ಅವಕಾಶ ಎಂದು ದೂರ ಉಳಿಯುವ ಬ್ಯಾಂಕು ನೌಕರರೂ ವಿದ್ಯಾರ್ಥಿಗಳೂ ಇದನ್ನು ಗಮನಿಸಬೇಕು.

1963ರ ಡಿಸೆಂಬರ್ 4ರಂದು ಪ್ರಕಟವಾದ ಮಹಾಸಭೆಯ ದೈವಾರಾಧನಾ ಸಂವಿಧಾನ, ಭಕ್ತಸಮೂಹವೇ ಹಾಡುವುದನ್ನು ಪ್ರೋತ್ಸಾಹಿಸಬೇಕೆಂದೂ, ಆಯಾ ಜನಾಂಗಗಳ ಸಂಗೀತ ಪರಂಪರೆಗೆ ಆರಾಧನೆಯಲ್ಲಿ ತಕ್ಕ ಸ್ಥಾನ ಸಲ್ಲಬೇಕೆಂದೂ ವಿಧಿಸಿತು. ಹಾರ್ಮೋನಿಯಂ, ತಬಲಾ, ಭಜನೆಯ ಧಾಟಿಗಳು ನಮ್ಮ ದೇವಾಲಯಗಳೊಳಗೆ ಧೈರ್ಯವಾಗಿ ಬಂದದ್ದು ಆ ಬಳಿಕ. ಆದರೆ ಇಂದು ಅನೇಕ ಕಡೆ ಕಾಣುವುದೇನು? ಸಿದ್ಧ ತಾಳದ ಕೀಬೋರ್ಡು, ಕಿವಿಗಡಚಿಕ್ಕುವ ಧ್ವನಿವರ್ಧಕ, ಹತ್ತು ಮಂದಿ ತರಬೇತಾದ ಕಂಠಗಳು. ಬೆಂಚುಗಳಲ್ಲಿ ಕುಳಿತ ಐನೂರು ಮಂದಿ ಮೌನ ಪ್ರೇಕ್ಷಕರು. ಗಾನವೃಂದದ ಸದಸ್ಯತ್ವ ಕೆಲವು ಮನೆತನಗಳ ಹಕ್ಕಿನಂತೆ ಮುಂದುವರಿಯುವುದೂ ಉಂಟು. ಹೊಸದಾಗಿ ಬಂದ ಯುವತಿಯೊಬ್ಬಳು ತನಗೂ ಹಾಡಲು ಬರುತ್ತದೆಂದು ಸಂಕೋಚದಿಂದ ಹೇಳಿದರೆ, ಮುಂದಿನ ವರ್ಷ ನೋಡೋಣ ಎಂಬ ಉತ್ತರ ಸಿಗುತ್ತದೆ. ಅದರ ಬದಲು ಶನಿವಾರದ ಅಭ್ಯಾಸಕ್ಕೆ ಯಾರು ಬೇಕಾದರೂ ಬರಬಹುದೆಂದು ಸಾರಿದರೆ ಆಗುವ ನಷ್ಟವಾದರೂ ಏನು? ಶ್ರುತಿ ಕೊಂಚ ಏರುಪೇರಾದೀತು. ನಾಲ್ಕು ವಾರಗಳಲ್ಲಿ ಅದೂ ಸರಿಹೋದೀತು. ಕನ್ನಡ ಬಾರದವರು ಕನ್ನಡ ಕಲಿಯಲು ಹಾಡಿಗಿಂತ ಸುಲಭವಾದ ಪಾಠಶಾಲೆ ಇನ್ನೊಂದಿಲ್ಲ. ಅರ್ಥ ತಿಳಿಯುವ ಮುನ್ನವೇ ಉಚ್ಚಾರಣೆ ನಾಲಗೆಗೆ ಹತ್ತಿರುತ್ತದೆ, ಅರ್ಥವನ್ನು ಪಕ್ಕದಲ್ಲಿ ನಿಂತವರು ವಿವರಿಸುತ್ತಾರೆ. ಹಾರೋಬೆಲೆಯಂತಹ ನಮ್ಮ ಹಳ್ಳಿಗಳಲ್ಲಿ ಯೇಸುಸ್ವಾಮಿಯ ಪೂಜ್ಯ ಪಾಡುಗಳ ನಾಟಕ ಕಟ್ಟುವವರನ್ನು ಕೇಳಿ ನೋಡಿ. ಹಗಲೆಲ್ಲ ಹೊಲದಲ್ಲಿ ದುಡಿದು ರಾತ್ರಿಯಿಡೀ ಮಾತು, ಹಾಡು ಕಲಿಯುವ ಆ ದಿನಗಳು ಬೆಸೆದಷ್ಟು ಮನಸ್ಸುಗಳನ್ನು ಸಭೆ, ಭಾಷಣಗಳು ಬೆಸೆಯಲಾರವು.

ವಾದ್ಯಗಳ ಕಥೆಯೂ ಇಲ್ಲಿ ಪ್ರಸ್ತುತ. ಕೊಂಕಣಿ ಕಥೋಲಿಕರ ಗುಮಟೆ ಮಣ್ಣಿನ ಪಾತ್ರೆ. ಎರಡೂ ಕಡೆ ಬಾಯುಳ್ಳ ಅದರ ಒಂದು ಬಾಯಿಗೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಆಡಿನ ಚರ್ಮ ಬಳಕೆಗೆ ಬಂತು. ಗೋವಾ ಸರ್ಕಾರ 2019ರಲ್ಲಿ ಅದನ್ನು ಪಾರಂಪರಿಕ ವಾದ್ಯವೆಂದು ಸಾರಿತು. ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರದಲ್ಲಿ ವಧೂವರರಿಗೆ ತೆಂಗಿನ ಹಾಲೆರೆಯುವಾಗ ಹೆಂಗಸರು ವೊವಿಯೊ ಹಾಡುತ್ತಾರೆ. ಮೊದಲ ಸಾಲನ್ನು ಒಬ್ಬಾಕೆ ಎತ್ತಿಕೊಟ್ಟರೆ ಉಳಿದವರು ಅನುಸರಿಸುತ್ತಾರೆ, ಹಾಡು ಬಾರದವರಿಗೂ ಅಲ್ಲಿ ಸ್ಥಾನವಿದೆ. ಅತ್ತ ಛೋಟಾನಾಗಪುರದ ಉರಾಂವ್, ಮುಂಡಾ, ಖಡಿಯಾ ಕಥೋಲಿಕರಿಗೆ ಮಾಂದರ್ ಎಂಬ ಮದ್ದಲೆ ಪ್ರಾಣಸಮಾನ. ಅವರ ಹಬ್ಬದ ಪೂಜೆಯಲ್ಲಿ ಮಾಂದರ್ ನುಡಿಯದಿದ್ದರೆ ಹಬ್ಬವೇ ಅಲ್ಲ. ಕಾಫಿ ತೋಟದ ಸಾಲುಮನೆಗಳಲ್ಲಿ ಆ ಮದ್ದಲೆಯ ದನಿ ಸಂಜೆಯ ಹೊತ್ತು ಕೇಳಿಬಂದರೆ, ಕೂಲಿಯವರ ಗದ್ದಲವೆಂದು ಕಿಟಕಿ ಮುಚ್ಚುವ ಬದಲು ಅದು ಆಗಮನ ಕಾಲದ ಗೀತೆಯಿರಬಹುದೇ ಎಂದು ಕಿವಿಗೊಡುವ ವ್ಯವಧಾನ ನಮಗೆ ಬೇಕು. ಧರ್ಮಕೇಂದ್ರದ ಹಬ್ಬದಲ್ಲಿ ಗುಮಟೆಯ ಪಕ್ಕದಲ್ಲಿ ಮಾಂದರಿಗೂ ಒಂದು ಚಾಪೆ ಹಾಸಿದರೆ, ಆ ಸಂಜೆ ಅವರು ಅತಿಥಿಗಳೂ ಆಗಿರುವುದಿಲ್ಲ, ಕೂಲಿಯವರೂ ಆಗಿರುವುದಿಲ್ಲ.

ಭಾಷೆಯ ಪ್ರಶ್ನೆಯನ್ನು ಇಲ್ಲಿ ಮರೆಮಾಚಿ ಮುಂದೆ ಸಾಗುವುದು ಪ್ರಾಮಾಣಿಕವಾಗಲಾರದು. ಮಹಾಸಭೆ ಲತೀನಿನ ಪಕ್ಕದಲ್ಲಿ ಜನಭಾಷೆಗೆ ಸ್ಥಾನ ಕೊಟ್ಟದ್ದು ನಮಗೊಂದು ವರವಾಯಿತು. ಬೆಂಗಳೂರು ಮಹಾಧರ್ಮಪ್ರಾಂತ್ಯದಲ್ಲಿ ಅದೇ ವಿಷಯ ದಶಕಗಳ ಕಾಲ ಕಹಿಯನ್ನೂ ತಂದಿತು. ಯಾವ ಭಾಷೆಯ ಪೂಜೆ ಎಷ್ಟು ಗಂಟೆಗೆ ಎಂಬ ವಿಷಯದಲ್ಲಿ ಅಣ್ಣತಮ್ಮಂದಿರಂತೆ ಇದ್ದವರು ಮಾತು ಬಿಟ್ಟದ್ದನ್ನು ಹಿರಿಯ ಓದುಗರು ಬಲ್ಲರು. ಕನ್ನಡ ನಾಡಿನಲ್ಲಿ ಕನ್ನಡಕ್ಕೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಈ ಅಂಕಣದ ನಿಲುವಿನಲ್ಲಿ ಸಂದೇಹವಿಲ್ಲ. ಆದರೆ ಆ ಗೌರವವನ್ನು ಹೊಸಬರು ಮನಸಾರೆ ಸಲ್ಲಿಸಬೇಕಾದರೆ, ಕನ್ನಡಿಗರ ಮನೆಯೊಳಗೆ ಕುಳಿತು ಕನ್ನಡದಲ್ಲಿ ನಕ್ಕ ಅನುಭವ ಅವರಿಗಿರಬೇಕು. ಕನ್ನಡವನ್ನು ಸೂಚನಾ ಫಲಕದಲ್ಲಿ ಮಾತ್ರ ಕಂಡವರಿಂದ ಅದರ ಮೇಲಿನ ಪ್ರೀತಿಯನ್ನು ನಿರೀಕ್ಷಿಸುವುದು ಹೇಗೆ? ವರ್ಷದಲ್ಲಿ ಒಂದೆರಡು ಬಾರಿಯಾದರೂ ಎಲ್ಲ ಭಾಷೆಗಳವರೂ ಕೂಡಿ ಒಂದೇ ಬಲಿಪೂಜೆ ಅರ್ಪಿಸಿ, ಒಬ್ಬರ ಗೀತೆಯನ್ನು ಇನ್ನೊಬ್ಬರು ಹಾಡಿದರೆ, ವೇಳಾಪಟ್ಟಿಯ ಜಗಳಗಳು ತಾವಾಗಿಯೇ ನಿಲ್ಲುತ್ತವೆಂದು ನಾವು ಹೇಳುವುದಿಲ್ಲ. ಆದರೆ ಜಗಳವಾಡುವವರು ಪರಸ್ಪರರ ಮಕ್ಕಳ ಹೆಸರನ್ನಾದರೂ ಬಲ್ಲವರಾಗಿರುತ್ತಾರೆ.

ಅತಿಥಿ ಸತ್ಕಾರದ ವಿಷಯದಲ್ಲಿ ನಾವು ಬಡವರಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮಕ್ಕಳು ಒಂಬತ್ತು ದಿನ ಮಾತೆ ಮರಿಯಮ್ಮನವರಿಗೆ ಹೂ ಅರ್ಪಿಸಿ, ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಹೊಸ ಅಕ್ಕಿಯನ್ನು ಹಾಲಿನೊಡನೆಯೋ ಪಾಯಸದೊಡನೆಯೋ ಎಲ್ಲರೂ ಹಂಚಿಕೊಳ್ಳುತ್ತಾರೆ. ಅಂದು ಬಾಳೆಯೆಲೆಯ ಮೇಲೆ ತರಕಾರಿಯ ಊಟ. ಕ್ರಿಸ್ಮಸ್ ಬಂದರೆ ಕುಸ್ವಾರಿನ ತಟ್ಟೆ ಹಿಂದೂ, ಮುಸಲ್ಮಾನ ನೆರೆಮನೆಗಳಿಗೂ ಹೋಗುತ್ತದೆ. ನೆವ್ರಿ, ಕಿಡಿಯೊ, ಚಕ್ಕುಲಿಗಳ ಜೊತೆಗೆ ವರ್ಷದ ಮನಸ್ತಾಪ ಮರೆಸುವ ಒಂದು ನಗುವೂ ಹೋಗುತ್ತದೆ. ನಮ್ಮ ನಾಡಿನಲ್ಲಿ ಆ ತಟ್ಟೆಯನ್ನು ಯಾರೂ ಬರಿದಾಗಿ ಹಿಂದಿರುಗಿಸುವುದಿಲ್ಲ. ಒಂದು ಹಿಡಿ ಸಕ್ಕರೆಯೋ ಎರಡು ಬಾಳೆಹಣ್ಣೋ ಅದರಲ್ಲಿ ಮರಳಿ ಬರುತ್ತದೆ; ಕೆಲವೊಮ್ಮೆ ತಟ್ಟೆ ದೀಪಾವಳಿಯವರೆಗೂ ರಂಜಾನಿನವರೆಗೂ ಅಲ್ಲೇ ಉಳಿದು, ತುಂಬಿಕೊಂಡೇ ಬರುತ್ತದೆ. ಆದರೆ ಹಳೆಯ ವಿಳಾಸಗಳಿಗೆ ತಪ್ಪದೆ ಹೋಗುವ ಈ ತಟ್ಟೆ, ನಮ್ಮದೇ ಬೀದಿಗೆ ಹೊಸದಾಗಿ ಬಂದ ಬಾಡಿಗೆ ಮನೆಗೆ ಹೋಗಿದೆಯೇ?

ಮನೆಗೆ ಕರೆಯಲು ಹಿಂಜರಿಯುವವರು ಸಾಮಾನ್ಯವಾಗಿ ನೀಡುವ ಕಾರಣ ಖರ್ಚು. ಇದಕ್ಕೆ ಹೊಣೆ ನಮ್ಮ ಆಡಂಬರ. ಒಬ್ಬರನ್ನು ಊಟಕ್ಕೆ ಕರೆದರೆ ಸಾನ್ನಾ, ಹಂದಿಮಾಂಸ, ಕೋಳಿ, ಪುಲಾವು, ಕೇಕು, ಮದ್ಯ ಎಲ್ಲವೂ ಇರಲೇಬೇಕೆಂಬ ಕಟ್ಟಳೆಯನ್ನು ಯಾರು ಮಾಡಿದರು? ಹೀಗೆ ಊಟ ಹಾಕಿಸಿಕೊಂಡ ಹೊಸ ಕುಟುಂಬ, ತಾನು ಇಷ್ಟನ್ನು ಮರಳಿ ಮಾಡಲಾರೆನೆಂಬ ಸಂಕೋಚದಿಂದ ಎರಡನೆಯ ಬಾರಿ ಬರುವುದೇ ಇಲ್ಲ. ಅಬ್ರಹಾಮನು ಮಮ್ರೆಯ ಮರಗಳ ಬಳಿ ಮೂವರು ಅಪರಿಚಿತರಿಗೆ ಕರುವನ್ನೇ ಕೊಯ್ಸಿದನೆಂದು ವಾದಿಸುವವರು, ಅವನು ಮೊದಲು ಅರ್ಪಿಸಿದ್ದು ಕಾಲು ತೊಳೆಯಲು ನೀರು ಮತ್ತು ಮರದ ನೆರಳು ಎಂಬುದನ್ನೂ ಆದಿಕಾಂಡದಲ್ಲಿ ಓದಬೇಕು. ಎಮ್ಮಾವು ಊರಿನ ಮನೆಯಲ್ಲಿ ಶಿಷ್ಯರಿಬ್ಬರು ಪ್ರಭುವನ್ನು ಗುರುತಿಸಿದ್ದು ರೊಟ್ಟಿ ಮುರಿದಾಗ. ಪಕ್ಕದಲ್ಲಿ ಇನ್ನೇನು ಬಡಿಸಿದ್ದರೆಂದು ಲೂಕರು ಬರೆದಿಡಲಿಲ್ಲ. ಗಂಜಿ, ಚಟ್ನಿ, ಒಣಮೀನು ಇದ್ದರೆ ಮಳೆಗಾಲದ ಒಂದು ಸಂಜೆಗೆ ಅದೇ ಔತಣ. ಮೂಲೆಯ ಮನೆಯ ವೃದ್ಧ ದಂಪತಿ, ಮಕ್ಕಳೆಲ್ಲ ವಿದೇಶದಲ್ಲಿರುವವರು, ಬಾಯಿಬಿಟ್ಟು ಕೇಳದಿದ್ದರೂ ಕಾಯುವುದು ಇಂಥದೊಂದು ಗಂಜಿಯೂಟದ ಸಂಗಾತಿಗಾಗಿ.

ಇನ್ನೊಂದು ಮಾತು, ಇದನ್ನು ಗಂಡಸರು ವಿಶೇಷವಾಗಿ ಗಮನಿಸಬೇಕು. ಅತಿಥಿ ಸತ್ಕಾರ ಎಂದಾಗಲೆಲ್ಲ ಮನೆಯ ಹೆಂಗಸರು ಅಡುಗೆಮನೆಯಲ್ಲಿ ಬೇಯುವುದು, ಗಂಡಸರು ಹಜಾರದಲ್ಲಿ ಕುಳಿತು ಕೀರ್ತಿ ಪಡೆಯುವುದು ನಡೆದುಬಂದಿದೆ. ಮಾರ್ತಳ ದೂರಿನಲ್ಲಿ ನ್ಯಾಯವಿರಲಿಲ್ಲವೆಂದು ಯಾರೂ ಹೇಳಲಾರರು; ಒಬ್ಬಳೇ ದುಡಿಯಬೇಕಾಯಿತೆಂಬುದು ಅವಳ ಅಳಲು. ಯೇಸು ಆಕೆಗೆ ಹೇಳಿದ ಬುದ್ಧಿಮಾತನ್ನು ಪ್ರತಿ ವರ್ಷ ಪ್ರವಚನದಲ್ಲಿ ಕೇಳುವ ನಾವು, ಪಾತ್ರೆ ತೊಳೆಯಲು ಎದ್ದರೆ ಆಕೆಗೂ ಪಾದದ ಬಳಿ ಕುಳಿತುಕೊಳ್ಳಲು ಬಿಡುವಾದೀತು. ಅತಿಥಿಯನ್ನೂ ಅಡುಗೆಮನೆಗೆ ಕರೆದು ತೆಂಗಿನಕಾಯಿ ತುರಿಯಲು ಕೊಡಿ. ಹಜಾರದ ಸೋಫಾದಲ್ಲಿ ಗಂಟೆಗಟ್ಟಲೆ ಆಗದ ಪರಿಚಯ ತುರಿಮಣೆಯ ಬಳಿ ಕಾಲು ಗಂಟೆಯಲ್ಲಿ ಆಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮುಳ್ಳು ಉಳಿಯುತ್ತದೆ. ದೀಕ್ಷಾಸ್ನಾನದ ನೀರು ತೊಳೆಯಬೇಕಾಗಿದ್ದ ಜಾತಿಯ ನೆನಪು ನಮ್ಮಲ್ಲಿ ಇನ್ನೂ ಪೂರ್ತಿ ತೊಳೆದುಹೋಗಿಲ್ಲ. ಒಂದೇ ಪಾತ್ರೆಯಿಂದ ಪರಮಪ್ರಸಾದ ಸ್ವೀಕರಿಸುವವರು ಒಂದೇ ಮನೆಯಲ್ಲಿ ಊಟಕ್ಕೆ ಕೂರಲು, ಹೆಣ್ಣು ಕೊಟ್ಟು ತರಲು ಹಿಂದುಮುಂದು ನೋಡುತ್ತಾರೆ. ಪ್ರಶ್ನಿಸಿದರೆ ಪದ್ಧತಿಯ ಹೆಸರು ಹೇಳುತ್ತಾರೆ. ಈ ಸಂಗತಿ ಸಭೆಯಷ್ಟೇ ಹಳೆಯದು. ಅಂತಿಯೋಕ್ಯದಲ್ಲಿ ಸಂತ ಪೇತ್ರರು ಅನ್ಯಜನಾಂಗದ ಕ್ರೈಸ್ತರೊಡನೆ ಊಟ ಮಾಡುತ್ತಿದ್ದವರು, ಜೆರುಸಲೇಮಿನ ಕಡೆಯವರು ಬಂದೊಡನೆ ಅಂಜಿ ಪಂಕ್ತಿ ಬಿಟ್ಟು ಸರಿದರು. ಪೌಲರು ಅವರನ್ನು ಎಲ್ಲರೆದುರಲ್ಲಿಯೇ, ಮುಖಾಮುಖಿಯಾಗಿ ಆಕ್ಷೇಪಿಸಿದರು. ಗಲಾತ್ಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಆ ವೃತ್ತಾಂತವಿದೆ. ಯಾರು ಯಾರೊಡನೆ ಉಣ್ಣುತ್ತಾರೆಂಬುದು ಶಿಷ್ಟಾಚಾರದ ವಿಷಯ ಮಾತ್ರವೆಂದು ಪೌಲರು ಎಣಿಸಿರಲಿಲ್ಲ; ಶುಭಸಂದೇಶವೇ ಅಲ್ಲಿ ಪಣಕ್ಕಿದೆಯೆಂದು ಅವರು ಕಂಡರು. ಪಂಕ್ತಿಭೇದವೆಂಬ ಪದ ನಮ್ಮ ನಾಡಿಗೆ ಚೆನ್ನಾಗಿ ಗೊತ್ತು. ಅನ್ಯರ ಪಂಕ್ತಿಭೇದವನ್ನು ಟೀಕಿಸುವ ನಮ್ಮ ನಾಲಗೆ, ನಮ್ಮ ಮದುವೆ ಮನೆಗಳ ಆಹ್ವಾನದ ಪಟ್ಟಿಯನ್ನು ಓದುವಾಗ ಏಕೆ ತೊದಲುತ್ತದೆ?

ಕಿರುಸಮುದಾಯಗಳೂ ವಾಳೆಗಳೂ ಇರುವುದು ಇಂಥ ಕೆಲಸಕ್ಕಾಗಿಯೇ. ಆದರೆ ಅನೇಕ ಕಡೆ ಮಾಸಿಕ ಕೂಟವೆಂದರೆ ಅದೇ ಹನ್ನೆರಡು ಮನೆಗಳವರು, ಅದೇ ವಾಚನ, ಅದೇ ಚಹಾ, ವಂತಿಗೆಯ ಲೆಕ್ಕ. ಗುರ್ಕಾರರು ವಾಳೆಯ ಮನೆಗಳ ಪಟ್ಟಿಯನ್ನು ವರ್ಷಕ್ಕೆರಡು ಬಾರಿಯಾದರೂ ಹೊಸದಾಗಿ ಬರೆದು, ಬಾಡಿಗೆಗೆ ಬಂದವರು, ವಸತಿಗೃಹಗಳಲ್ಲಿರುವ ದಾದಿಯರು, ಪದವಿ ವಿದ್ಯಾರ್ಥಿಗಳು, ಕಟ್ಟಡ ಕೆಲಸದ ಶೆಡ್ಡುಗಳಲ್ಲಿರುವವರು ಯಾರೆಂದು ವಿಚಾರಿಸುವುದು ಕಷ್ಟವೇನಲ್ಲ. ವಲಸಿಗರಿಗೂ ನಿರಾಶ್ರಿತರಿಗೂ ಮೀಸಲಾದ ವಿಶ್ವದಿನವನ್ನು ಧರ್ಮಸಭೆ ಸೆಪ್ಟೆಂಬರಿನ ಕೊನೆಯ ಭಾನುವಾರ ಆಚರಿಸುತ್ತದೆ. ಆ ದಿನ ಪ್ರವಚನವೊಂದನ್ನು ಕೇಳಿ ಮನೆಗೆ ಹೋಗುವುದಕ್ಕಿಂತ, ಪ್ರತಿಯೊಂದು ಕುಟುಂಬವೂ ಒಬ್ಬ ಹೊಸಬರನ್ನು ಮಧ್ಯಾಹ್ನದ ಊಟಕ್ಕೆ ಕರೆದೊಯ್ಯುವ ಏರ್ಪಾಡನ್ನು ಪಾಲನಾ ಪರಿಷತ್ತು ಮಾಡಬಹುದು. ಕರೆದವರ ಹೆಸರನ್ನು ಸೂಚನಾ ಫಲಕದಲ್ಲಿ ಹಾಕದಿದ್ದರೆ ಇನ್ನೂ ಒಳ್ಳೆಯದು.

ಆಗಮನ ಕಾಲ ಬಂತೆಂದರೆ ನಮ್ಮ ಯುವಜನರು ಕ್ರಿಸ್ಮಸ್ ಗೀತೆಗಳನ್ನು ಹಾಡುತ್ತ ಮನೆಮನೆಗೆ ಹೋಗುವ ದಿನಗಳು. ಯಾವ ಯಾವ ಮನೆಗೆ ಹೋಗಬೇಕೆಂಬ ಪಟ್ಟಿಯನ್ನು ಅನೇಕ ಧರ್ಮಕೇಂದ್ರಗಳಲ್ಲಿ ಹೋದ ವರ್ಷದ ಕಾಣಿಕೆಯ ಮೊತ್ತ ನೋಡಿ ತಯಾರಿಸುತ್ತಾರೆ. ದೊಡ್ಡ ಮನೆಗಳಲ್ಲಿ ನಾಲ್ಕು ಹಾಡು, ಕೇಕು, ಭಾವಚಿತ್ರ. ಸಣ್ಣ ಮನೆಗಳಲ್ಲಿ ಬಾಗಿಲ ಬಳಿಯೇ ಅರ್ಧ ಹಾಡು. ಈ ಬಾರಿ ಪಟ್ಟಿ ಬರೆಯಲು ಕೂರುವ ಯುವಕ ಯುವತಿಯರಲ್ಲಿ ನಮ್ಮದೊಂದು ಕೋರಿಕೆ. ಮೊದಲ ಸಂಜೆಯನ್ನು ಈ ವರ್ಷ ಊರಿಗೆ ಬಂದವರ ಮನೆಗಳಿಗೇ ಮೀಸಲಿಡಿ. ಕಾಣಿಕೆಯ ಪೆಟ್ಟಿಗೆಯನ್ನು ಆ ಒಂದು ಸಂಜೆ ಪೂಜಾವಸ್ತ್ರಗಳ ಕೋಣೆಯಲ್ಲೇ ಬಿಟ್ಟು ಹೋಗಿ. ಒಳಗೆ ಕುಳಿತು ಅವರೂರಿನ ಒಂದು ಹಾಡನ್ನು ಹೇಳಿಕೊಡುವಂತೆ ಕೇಳಿ, ಕಲಿತುಕೊಂಡು ಬನ್ನಿ. ನಡುರಾತ್ರಿಯ ಬಲಿಪೂಜೆಗೆ ಮುನ್ನ ಅದನ್ನು ಹಾಡುವಾಗ ಆ ಮನೆಯವರು ಎಲ್ಲಿ ಕುಳಿತಿದ್ದಾರೆಂದು ನಿಮಗೆ ತಿಳಿದಿರುತ್ತದೆ.